ಶೆಡ್ಯೂಲ್ ಎಂಬ ಓಲೆ

ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ: "ಇಂಡಿ ಶೆಡ್ಯೂಲ್ ಇವತ್ತ ಕ್ಯಾನ್ಸಲ್ ಐತ್ರಿ." ಡಿಪೋದವರ ಭಾಷೆಯಲ್ಲಿ ಶೆಡ್ಯೂಲ್ ಅಂದರೆ ಒಂದು ಬಸ್ಸು, ಅದರ ಡ್ರೈವರ್, ಕಂಡಕ್ಟರ್, ಅದು ದಿನಕ್ಕೆ ಹೊಡೆಯಬೇಕಾದ ಟ್ರಿಪ್ಪುಗಳು ಎಲ್ಲ ಸೇರಿದ ಒಂದು ಲೆಕ್ಕ. ಮರುದಿನ ಕ್ಲಾಸಿನಲ್ಲಿ ಸ್ಕಾಲರ್‌ಶಿಪ್ ಅರ್ಜಿಯ ಮಾತು ಬಂದಾಗ ಹಿಂದಿನ ಬೆಂಚಿನ ಹುಡುಗ ದನಿ ತಗ್ಗಿಸಿ "ಸರ್, ನಮ್ದು ಶೆಡ್ಯೂಲ್ ರೀ" ಅನ್ನುತ್ತಾನೆ. ಕಂಡಕ್ಟರ್ ಗಂಟಲು ಹರಿಯುವಂತೆ ಕೂಗಿದ ಶಬ್ದವನ್ನೇ ಈ ಹುಡುಗ ಯಾಕೆ ಪಿಸುಗುಟ್ಟಿದ? ಶಬ್ದ ಒಂದೇ, ಉಚ್ಚಾರವೂ ಒಂದೇ. ಒಂದು ಬಾಯಲ್ಲಿ ಅದು ಕೆಲಸದ ಹೆಸರು, ಇನ್ನೊಂದು ಬಾಯಲ್ಲಿ ಹುಟ್ಟಿನ ಹೆಸರು. ಈ ಶಬ್ದ ಎಲ್ಲಿಂದ ಬಂತು, ಹೇಗೆ ನಮ್ಮ ಮೈಮೇಲೆ ಕೂತಿತು ಎಂಬುದನ್ನು ಸ್ವಲ್ಪ ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

ಮೊದಲೇ ಒಂದು ಮಾತು. ಶಬ್ದದ ಬೇರು ಹುಡುಕುವುದು ನಮ್ಮಲ್ಲಿ ಬಹಳ ಕಾಲ ಪಂಡಿತರ ಆಟವಾಗಿತ್ತು. ಯಾವ ಶಬ್ದ ಶುದ್ಧ, ಯಾವುದು ಭ್ರಷ್ಟ ಎಂದು ತೀರ್ಪು ಕೊಡುವ ಅಧಿಕಾರ ಅವರ ಕೈಲಿತ್ತು. ಬೇರು ತಿಳಿದ ಮಾತ್ರಕ್ಕೆ ಅರ್ಥ ತಿಳಿಯುವುದಿಲ್ಲ. ಅರ್ಥ ಇರುವುದು ಶಬ್ದ ಆಡುವ ಬಾಯಿ ಮತ್ತು ಕೇಳುವ ಕಿವಿಯ ನಡುವೆ. ಹಾಗಿದ್ದೂ ಈ ಕೆಲಸ ಮಾಡಬೇಕಾಗಿದೆ. ಯಾಕೆಂದರೆ ಈ ಶಬ್ದವನ್ನು ಕನ್ನಡಕ್ಕೆ ತಂದವರು ಬೇರು ನೋಡಿಯೇ ತಂದಿದ್ದಾರೆ, ಮತ್ತು ಅಲ್ಲೇ ಒಂದು ಎಡವಟ್ಟು ಆಗಿದೆ.

ಲ್ಯಾಟಿನ್‌ನಲ್ಲಿ 'ಸ್ಕೆಡಾ' ಎಂದು ಒಂದು ಶಬ್ದ. ಈಜಿಪ್ಟಿನ ಪಪೈರಸ್ ಜೊಂಡನ್ನು ಸೀಳಿ, ಸೀಳುಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ಮೇಲೆ ಅಡ್ಡಡ್ಡ ಇನ್ನೊಂದು ಪದರ ಹಾಕಿ ಬಡಿದರೆ ಬರೆಯುವ ಹಾಳೆ ಆಗುತ್ತಿತ್ತು. ಆ ಒಂದೊಂದು ಸೀಳಿಗೆ ಸ್ಕೆಡಾ ಅನ್ನುತ್ತಿದ್ದರು. ಸಣ್ಣ ಸೀಳು ಅಂದರೆ 'ಸ್ಕೆಡುಲಾ'. ಇದರ ಹಿಂದೆ ಗ್ರೀಕ್‌ನಲ್ಲಿ ಸೀಳು, ಕಡಿ ಎಂಬ ಅರ್ಥದ 'ಸ್ಕಿಜೈನ್' ಎಂಬ ಕ್ರಿಯಾಪದವಿದೆ. ಇದೇ ಕುಟುಂಬದ ಸಂಸ್ಕೃತ ಧಾತು 'ಛಿದ್'. ಛೇದ, ಛಿದ್ರ, ವಿಚ್ಛೇದನ ಎಲ್ಲ ಅಲ್ಲಿಂದಲೇ ಬಂದವು. ಲ್ಯಾಟಿನ್ ಶಬ್ದ ಫ್ರೆಂಚಿಗೆ ಹೋಗಿ 'ಸೆದ್ಯೂಲ್' ಆಯಿತು, ಹದಿನಾಲ್ಕನೇ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂತು. ಆಗ ಅದರ ಅರ್ಥ ಬರೆದ ಚೀಟಿ, ಅಷ್ಟೆ. ಜರ್ಮನರು ಇವತ್ತಿಗೂ ಚೀಟಿಗೆ 'ಟ್ಸೆಟೆಲ್' ಅನ್ನುತ್ತಾರೆ, ಅದೂ ಇದರ ತಮ್ಮನೇ. ಲ್ಯಾಟಿನ್ ಅಮೆರಿಕದ ಹಲವು ದೇಶಗಳಲ್ಲಿ ಗುರುತಿನ ಚೀಟಿಗೆ 'ಸೆದುಲಾ' ಎಂಬ ಹೆಸರಿದೆ.

ಇಂಗ್ಲಿಷಿನವರು ಮೊದಲು ಇದನ್ನು 'ಸೆಡ್ಯೂಲ್' ಎಂದೇ ಉಚ್ಚರಿಸುತ್ತಿದ್ದರು. ಆಮೇಲೆ ವಿದ್ವಾಂಸರು ಲ್ಯಾಟಿನ್ ಕಾಗುಣಿತ ನೋಡಿ ಸ್ಪೆಲ್ಲಿಂಗ್ ತಿದ್ದಿದರು, ಸ್ಪೆಲ್ಲಿಂಗಿನ ಹಿಂದೆ ಉಚ್ಚಾರವೂ ಬದಲಾಯಿತು. ಬ್ರಿಟನ್ನಿನಲ್ಲಿ ಶೆಡ್ಯೂಲ್, ಅಮೆರಿಕದಲ್ಲಿ ಸ್ಕೆಡ್ಯೂಲ್. ನಮ್ಮ ಕಡೆ ಓದು ಬಾರದ ಹಿರಿಯರು "ಸೆಡೂಲ" ಅಂದರೆ ಓದಿದ ಮೊಮ್ಮಕ್ಕಳು ನಗುತ್ತಾರೆ. ನಗಬೇಕಾಗಿಲ್ಲ. ಅಜ್ಜ ಆಡಿದ್ದು ಹಳೇ ಇಂಗ್ಲಿಷಿನ ಉಚ್ಚಾರಕ್ಕೇ ಹತ್ತಿರವಾದದ್ದು.

ಚೀಟಿ ಎಂಬ ಅರ್ಥದಿಂದ ಪಟ್ಟಿ ಎಂಬ ಅರ್ಥ ಹೇಗೆ ಬಂತು ಎಂಬುದೂ ಸರಳ. ದೊಡ್ಡ ದಸ್ತಾವೇಜಿನ ಒಳಗೆ ಹಿಡಿಸದ ವಿವರವನ್ನು ಬೇರೆ ಚೀಟಿಯಲ್ಲಿ ಬರೆದು ಕೊನೆಗೆ ಲಗತ್ತಿಸುತ್ತಿದ್ದರು. ಆ ಲಗತ್ತಿಸಿದ ಚೀಟಿಯೇ ಶೆಡ್ಯೂಲ್. ಹೊತ್ತಿನ ಪಟ್ಟಿ, ಅಂದರೆ ಟೈಮ್‌ಟೇಬಲ್ ಎಂಬ ಅರ್ಥ ಹತ್ತೊಂಬತ್ತನೇ ಶತಮಾನದಲ್ಲಿ ರೈಲಿನ ಕಾಲಕ್ಕೆ ಸೇರಿಕೊಂಡಿತು. ಸಿಂದಗಿಯ ಕಂಡಕ್ಟರ್ ಕೂಗಿದ್ದು ಈ ರೈಲಿನ ಶೆಡ್ಯೂಲನ್ನು. ಹುಡುಗ ಪಿಸುಗುಟ್ಟಿದ್ದು ಕಾಯಿದೆಯ ಶೆಡ್ಯೂಲನ್ನು.

ಪಪೈರಸ್ ಸೀಳಿಗೆ ಸಮನಾದ ವಸ್ತು ನಮ್ಮಲ್ಲಿ ಇಲ್ಲವೇ? ಇದೆ, ಓಲೆ. ತಾಳೆಗರಿಯ ಸೀಳು. ವಿಜಾಪುರದಲ್ಲಿ ವಕೀಲಿ ಮಾಡುತ್ತ ಫ.ಗು. ಹಳಕಟ್ಟಿಯವರು ಮನೆಮನೆ, ಮಠಮಠ ತಿರುಗಿ ಕೂಡಿಸಿದ್ದು ಇಂಥ ಓಲೆಗಳನ್ನೇ. ೧೯೨೩ರಲ್ಲಿ 'ವಚನಶಾಸ್ತ್ರ ಸಾರ' ಹೊರಬಂದಿದ್ದು ಆ ದುಡಿಮೆಯಿಂದ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಎಂಬ ಹೆಸರುಗಳು ನಮಗೆ ಉಳಿದು ಬಂದದ್ದೂ ಓಲೆಯ ಮೇಲೆಯೇ.

ಓಲೆಯಿಂದ ಹುಟ್ಟಿದ ಇನ್ನೊಂದು ಶಬ್ದ ನಮ್ಮ ಊರುಗಳಲ್ಲಿ ಇನ್ನೂ ಜೀವಂತವಾಗಿದೆ. ಅದು 'ವಾಲೀಕಾರ'. ನಮ್ಮ ಆಡುಮಾತಿನಲ್ಲಿ ಒಲೆ ವಲಿ ಆಗುತ್ತದೆ, ಕಿವಿಯ ಓಲೆ ವಾಲಿ ಆಗುತ್ತದೆ. ಹಾಗೆಯೇ ಓಲೆಕಾರ ವಾಲೀಕಾರನಾದ. ಅಂದರೆ ಓಲೆ ಒಯ್ಯುವವನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆ ಈ ಅಡ್ಡಹೆಸರು ಇಲ್ಲದ ಊರು ಹುಡುಕುವುದು ಕಷ್ಟ. ಹಲವು ಊರುಗಳಲ್ಲಿ ವಾಲೀಕಾರಿಕೆ ಹೊಲೆಯರ ಮನೆತನಗಳ ಪಾಲಿಗೆ ಬಂದಿತ್ತು, ಕೆಲವೆಡೆ ತಳವಾರ ಮನೆತನಗಳಿಗೆ. ಗೌಡ, ಕುಲಕರ್ಣಿಯರ ಕಾಗದವನ್ನು ತಾಲೂಕು ಕಚೇರಿಗೆ ಮುಟ್ಟಿಸುವುದು, ಸಾಹೇಬರು ಬಂದರೆ ಮುಂದೆ ಓಡುವುದು, ಕಂದಾಯಕ್ಕೆ ಜನರನ್ನು ಕರೆಯುವುದು, ರಾತ್ರಿ ಊರು ಕಾಯುವುದು ಅವನ ಕೆಲಸ. ಓಲೆ ಅವನ ಕೈಯಲ್ಲಿ, ಓಲೆಯ ಅಕ್ಷರ ಮಾತ್ರ ಕುಲಕರ್ಣಿಯ ಬಳಿ. ತಾನು ಹೊತ್ತ ಕಾಗದದಲ್ಲಿ ತನ್ನ ಬಗ್ಗೆಯೇ ಏನು ಬರೆದಿದೆ ಎಂದು ಗೊತ್ತಿಲ್ಲದೆ ಹರದಾರಿಗಟ್ಟಲೆ ನಡೆದ ಜನ ಇವರು. ಗ್ರಾಮಾಧಿಕಾರಗಳನ್ನು ರದ್ದು ಮಾಡುವ ೧೯೬೧ರ ಕಾಯಿದೆ ೧೯೬೩ರ ಫೆಬ್ರುವರಿ ೧ರಿಂದ ಜಾರಿಗೆ ಬಂದು ಈ ವತನ ಕಾಗದದ ಮೇಲೆ ಮುಗಿಯಿತು. ಹೆಸರು ಮಾತ್ರ ಉಳಿದಿದೆ.

ಹೀಗೆ ಓಲೆ ಹೊತ್ತವರೇ ಓಲೆಯ ಒಳಗೆ ಬಂದದ್ದು ಯಾವಾಗ?

ಮೊದಲು ಇಂಗ್ಲಿಷಿನಲ್ಲಿ ಇದ್ದ ಹೆಸರು 'ಡಿಪ್ರೆಸ್ಡ್ ಕ್ಲಾಸಸ್'. ಡಿಪ್ರೆಸ್ ಅನ್ನುವುದೂ ಲ್ಯಾಟಿನ್ನೇ, ಕೆಳಕ್ಕೆ ಒತ್ತು ಎಂದರ್ಥ. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ೧೯೦೬ರಲ್ಲಿ ಮುಂಬಯಿಯಲ್ಲಿ ಕಟ್ಟಿದ ಸಂಸ್ಥೆಯ ಹೆಸರಿನಲ್ಲೂ ಇದೇ ಶಬ್ದವಿತ್ತು. ಈ ಶಬ್ದಕ್ಕೆ ಒಂದು ಗುಣ ಇತ್ತು: ಒತ್ತಿದವರು ಯಾರೋ ಇದ್ದಾರೆ ಎಂಬ ಸುಳಿವು ಅದರಲ್ಲಿತ್ತು. ಆದರೆ ಕೇಳುವವರ ಕಿವಿಗೆ ಅದು ಕೀಳು, ನಿಸ್ಸಹಾಯಕ ಎಂದೇ ಕೇಳಿಸುತ್ತಿತ್ತು. ಅಂಬೇಡ್ಕರ್ ಅವರಿಗೆ ಆ ಹೆಸರು ಒಪ್ಪಿಗೆಯಿರಲಿಲ್ಲ. ೧೯೩೧ರ ದುಂಡುಮೇಜಿನ ಪರಿಷತ್ತಿಗೆ ಅವರು ಮತ್ತು ಆರ್. ಶ್ರೀನಿವಾಸನ್ ಕೊಟ್ಟ ಮನವಿಯಲ್ಲಿ ಹೆಸರು ಬದಲಿಸಬೇಕೆಂದು ಕೇಳಿ, ಜಾತಿಯೇತರ ಹಿಂದೂಗಳು, ಪ್ರಾಟೆಸ್ಟೆಂಟ್ ಹಿಂದೂಗಳು ಎಂಬಂಥ ಹೆಸರುಗಳನ್ನು ಸೂಚಿಸಿದ್ದರು. ಪ್ರತಿಭಟಿಸುವವರು ಎಂಬ ದನಿ ಆ ಹೆಸರಿನಲ್ಲಿತ್ತು. ಅದು ಆಗಲಿಲ್ಲ. ೧೯೩೨ರಲ್ಲಿ ಪೂನಾ ಒಪ್ಪಂದವಾಯಿತು, ೧೯೩೫ರಲ್ಲಿ ಭಾರತ ಸರ್ಕಾರ ಕಾಯಿದೆ ಬಂತು, ೧೯೩೬ರಲ್ಲಿ ಜಾತಿಗಳ ಹೆಸರು ಬರೆದ ಆದೇಶ ಹೊರಟಿತು. ಆದೇಶದ ಕೊನೆಗೆ ಲಗತ್ತಿಸಿದ ಚೀಟಿಯಲ್ಲಿ ಇದ್ದವರು 'ಶೆಡ್ಯೂಲ್ಡ್ ಕಾಸ್ಟ್ಸ್', ಅಂದರೆ ಚೀಟಿಯಲ್ಲಿ ಬರೆದ ಜಾತಿಗಳು. ಒಬ್ಬ ಗುಮಾಸ್ತ ಕೊಟ್ಟಂಥ ಹೆಸರು. ಅದರಲ್ಲಿ ಅನುಕಂಪವಿಲ್ಲ, ಅವಮಾನವಿಲ್ಲ, ಪ್ರತಿಭಟನೆಯೂ ಇಲ್ಲ.

ಮುಂಬಯಿ ಪ್ರಾಂತದ ಚೀಟಿಯಲ್ಲಿ ಚಲವಾದಿ, ಢೋರ, ಹೊಲಯ, ಮಾದಿಗ, ಮಹಾರ, ಸಮಗಾರ ಎಂಬ ಹೆಸರುಗಳಿದ್ದವು. ನಮ್ಮ ಬಿಜಾಪುರ ಜಿಲ್ಲೆ ಆಗ ಆ ಪ್ರಾಂತದಲ್ಲೇ ಇತ್ತು. ಓಲೆಯಲ್ಲಿ ಮಾದಾರ, ಡೋಹರ ಎಂದು ಶರಣರ ಹೆಸರಿನ ಹಿಂದೆ ಕೂತ ಶಬ್ದಗಳೇ ಇಲ್ಲಿ ಸರ್ಕಾರಿ ಅಕ್ಷರದಲ್ಲಿ ಬಂದವು. ನಡುವಿನ ಎಂಟುನೂರು ವರ್ಷ ಅವು ಊರಿನ ಬಾಯಲ್ಲಿ ಬೈಗುಳವಾಗಿ ಸವೆದಿದ್ದವು.

ಚೀಟಿಯ ಜೊತೆ ಜೋಡಿಸಿದ 'ಕಾಸ್ಟ್' ಎಂಬ ಶಬ್ದವನ್ನೂ ಒಂದು ಸಲ ಮುಟ್ಟಿ ಮುಂದೆ ಹೋಗೋಣ. ಅದು ಪೋರ್ಚುಗೀಸರ 'ಕಾಸ್ತಾ'. ತಳಿ, ವಂಶ ಎಂಬರ್ಥದಲ್ಲಿ ಅವರು ಅದನ್ನು ಪ್ರಾಣಿಗೂ ಮನುಷ್ಯನಿಗೂ ಬಳಸುತ್ತಿದ್ದರು. ಲ್ಯಾಟಿನ್ನಿನ 'ಕಾಸ್ತುಸ್', ಅಂದರೆ ಶುದ್ಧ, ಮಡಿ ಎಂಬ ಶಬ್ದದಿಂದ ಅದು ಬಂತೆಂಬುದು ಬಹುಕಾಲದ ಅಭಿಪ್ರಾಯ. ಸ್ಪ್ಯಾನಿಷ್ ನಿಘಂಟುಕಾರ ಕೊರೊಮಿನಾಸ್ ಇದನ್ನು ಒಪ್ಪದೆ, ಪ್ರಾಣಿಗಳ ಮರಿಗಳ ಹಿಂಡು ಎಂಬ ಅರ್ಥದ ಜರ್ಮಾನಿಕ್ ಮೂಲದ ಕಡೆ ಕೈ ತೋರಿಸಿದ. ಮಡಿಯೋ ಹಿಂಡೋ, ಎರಡೂ ನಮ್ಮ ಜಾತಿಗೆ ಹೊಂದುತ್ತವೆ. ಪಂಡಿತರ ಜಗಳ ನಮಗೆ ಬೇಡ.

ಈಗ ಎಡವಟ್ಟಿನ ಮಾತು. ಶೆಡ್ಯೂಲ್ಡ್ ಎಂಬುದಕ್ಕೆ ಭಾರತದ ಭಾಷೆಗಳು ಬೇರೆಬೇರೆ ಶಬ್ದ ಕಟ್ಟಿಕೊಂಡವು. ಹಿಂದಿ, ಮರಾಠಿಯವರು 'ಅನುಸೂಚಿತ' ಅಂದರು. ಬಂಗಾಳಿಯವರು 'ತಫಸಿಲಿ' ಅಂದರು. ನಮ್ಮ ಹಳೇ ಕಾಗದಪತ್ರಗಳಲ್ಲಿ ಬರುವ 'ತಪಶೀಲು' ಅದೇ. ಮಲಯಾಳಿಗಳು ನೇರವಾಗಿ 'ಪಟ್ಟಿಕಜಾತಿ' ಅಂದರು, ಪಟ್ಟಿಯ ಜಾತಿ. ಕನ್ನಡದಲ್ಲೂ ಪಟ್ಟಿ ಇತ್ತು, ಚೀಟಿ ಇತ್ತು, ಓಲೆ ಇತ್ತು. ನಮ್ಮಲ್ಲಿ ನಿಂತದ್ದು 'ಪರಿಶಿಷ್ಟ'.

ಪರಿಶಿಷ್ಟ ಅಂದರೆ ಏನು? 'ಶಿಷ್' ಎಂದರೆ ಉಳಿ, ಮಿಗು. ಶೇಷ, ಅವಶೇಷ ಇದರಿಂದಲೇ. ಮುಖ್ಯ ಗ್ರಂಥ ಮುಗಿದ ಮೇಲೆ ಉಳಿದದ್ದನ್ನು ಕೊನೆಗೆ ಸೇರಿಸಿದರೆ ಅದು ಪರಿಶಿಷ್ಟ. ವೇದಗಳಿಗೂ ಇಂಥ ಪರಿಶಿಷ್ಟಗಳಿವೆ. ಅನುಬಂಧ ಎಂಬ ಅರ್ಥದಲ್ಲಿ ಅನುವಾದ ಸರಿಯೇ ಇದೆ ಎಂದು ಪಂಡಿತರು ವಾದಿಸಬಹುದು. ಆದರೆ ಈ ಧಾತುವಿನಿಂದ ಹುಟ್ಟಿದ ಇನ್ನೊಂದು ಶಬ್ದ 'ಉಚ್ಛಿಷ್ಟ'. ಉಂಡು ಬಿಟ್ಟದ್ದು, ಎಂಜಲು. ಮದುವೆಯ ಊಟ ಮುಗಿದ ಮೇಲೆ ಎಲೆ ಎತ್ತಲು ಕಾಯುತ್ತ ಹಿತ್ತಲಲ್ಲಿ ಕೂತ ಜನರಿಗೆ ಭಾಷೆಯೂ ಉಳಿದದ್ದು ಎಂಬ ಧಾತುವಿನಲ್ಲೇ ಹೆಸರು ಕೊಟ್ಟಿತು. ಅನುವಾದಕರು ಬೇಕೆಂದೇ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಆದರೆ ಅವರ ಕಿವಿಗೆ ಇದು ತಟ್ಟದೇ ಹೋಯಿತಲ್ಲ, ಅದನ್ನು ಗಮನಿಸಬೇಕು. ಊರೇ ಗ್ರಂಥ, ಕೇರಿ ಅದರ ಕೊನೆಗೆ ಲಗತ್ತಿಸಿದ್ದು ಎಂಬ ನಕ್ಷೆ ತಲೆಯೊಳಗೆ ಗಟ್ಟಿಯಾಗಿ ಕೂತಿದ್ದರೆ ಪರಿಶಿಷ್ಟ ಎಂಬ ಶಬ್ದ ಸಹಜವಾಗಿಯೇ ಬಾಯಿಗೆ ಬರುತ್ತದೆ.

ಇದಕ್ಕೆ ಪುರಾವೆ ಬೇಕೆಂದರೆ ಸಂವಿಧಾನದ ಎಂಟನೆಯ ಶೆಡ್ಯೂಲನ್ನು ನೋಡಿ. ಕನ್ನಡ ಭಾಷೆ ಇರುವುದು ಆ ಚೀಟಿಯಲ್ಲಿ. ಪತ್ರಿಕೆಗಳು ಅದನ್ನು ಏನೆಂದು ಬರೆಯುತ್ತವೆ? ಬಹುಮಟ್ಟಿಗೆ 'ಎಂಟನೇ ಪರಿಚ್ಛೇದ' ಎಂದು. ಪರಿಚ್ಛೇದ ಅಂದರೆ ಅಧ್ಯಾಯ, ಗೌರವದ ಮಾತು. (ಮೂಲದ ಛಿದ್ ಧಾತು ಅಲ್ಲಿ ತಾನಾಗಿ ಬಂದು ಕೂತಿದೆ.) ಕನ್ನಡವನ್ನು ಯಾರೂ ಪರಿಶಿಷ್ಟ ಭಾಷೆ ಅನ್ನುವುದಿಲ್ಲ. ಬ್ಯಾಂಕುಗಳದ್ದು ಇನ್ನೂ ಚೆಂದ. ೧೯೩೪ರ ರಿಸರ್ವ್ ಬ್ಯಾಂಕ್ ಕಾಯಿದೆಯ ಎರಡನೆಯ ಶೆಡ್ಯೂಲಿನಲ್ಲಿ ಹೆಸರಿದ್ದ ಬ್ಯಾಂಕು 'ಶೆಡ್ಯೂಲ್ಡ್ ಬ್ಯಾಂಕ್'. ಅದು ನಂಬಿಕೆಯ ಗುರುತು, ಕೆಲವರು ಬೋರ್ಡಿನ ಮೇಲೇ ಬರೆಸುತ್ತಾರೆ. ಹೊಲ ಖರೀದಿ ಪತ್ರದ ಕೊನೆಗೂ ಶೆಡ್ಯೂಲ್ ಇರುತ್ತದೆ: ಸರ್ವೆ ನಂಬರು, ಎಕರೆ ಗುಂಟೆ, ನಾಲ್ಕೂ ದಿಕ್ಕಿನ ಚಕ್ಕುಬಂದಿ. ಹೊಲ ಇದ್ದವನ ಶೆಡ್ಯೂಲಿನಲ್ಲಿ ಅವನ ಆಸ್ತಿ ಬರೆದಿದೆ, ಹೊಲ ಇಲ್ಲದವನ ಶೆಡ್ಯೂಲಿನಲ್ಲಿ ಅವನ ಜಾತಿ ಬರೆದಿದೆ. ಒಂದೇ ಶಬ್ದ ನೋಡಿ. ಕಾನೂನಿನ ಕಣ್ಣಿಗೆ ಶೆಡ್ಯೂಲ್ ಕಾಯಿದೆಯ ಅಂಗವೇ, ಕಲಮಿಗೆ ಇರುವ ಬಲ ಅದಕ್ಕೂ ಇದೆ. ಉಳಿದದ್ದು, ಮಿಕ್ಕದ್ದು ಎಂಬ ಅರ್ಥ ಅಲ್ಲಿ ಇಲ್ಲ.

ಕೇರಿಯ ಜನ ಇವತ್ತಿಗೂ 'ಪರಿಶಿಷ್ಟ' ಅನ್ನುವುದು ಕಡಿಮೆ. ಶೆಡ್ಯೂಲ್, ಎಸ್ಸಿ ಅನ್ನುತ್ತಾರೆ. ಇದನ್ನು ಕನ್ನಡದ ಮೇಲಿನ ಅಭಿಮಾನ ಸಾಲದು ಎಂದು ಬೈಯುವವರು ಒಮ್ಮೆ ಯೋಚಿಸಲಿ. ಪರದೇಶದ ಶಬ್ದದಲ್ಲಿ ಊರಿನ ವಾಸನೆ ಇರುವುದಿಲ್ಲ. ಅದು ಯಾರ ಬೈಗುಳವೂ ಆಗಿರಲಿಲ್ಲ. ಆದರೆ ಊರು ಅದನ್ನೂ ಬಿಡಲಿಲ್ಲ, ಸ್ಕಾಲರ್‌ಶಿಪ್ ಪಡೆದ ಹುಡುಗರನ್ನು 'ಸರ್ಕಾರದ ಅಳಿಯಂದಿರು', 'ಗೌರ್ಮೆಂಟ್ ಬ್ರಾಹ್ಮಣರು' ಎಂದು ಹಂಗಿಸಿತು. ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರು ಆ ಹಂಗಿನ ಮಾತನ್ನೇ ಎತ್ತಿಕೊಂಡು ೧೯೯೪ರಲ್ಲಿ ಬಂದ ತಮ್ಮ ಆತ್ಮಕಥನಕ್ಕೆ 'ಗೌರ್ಮೆಂಟ್ ಬ್ರಾಹ್ಮಣ' ಎಂದು ಹೆಸರಿಟ್ಟರು. ಬಾಗೇವಾಡಿಯ ಅಗ್ರಹಾರದಲ್ಲಿ ಹುಟ್ಟಿ ಜನಿವಾರ ಒಲ್ಲೆ ಅಂದ ಹುಡುಗನ ಕಥೆ ಕೇಳಿ ಬೆಳೆದ ಜಿಲ್ಲೆ ಇದು. ಅದೇ ಜಿಲ್ಲೆಯಲ್ಲಿ ಜಾತಿ ಸರ್ಟಿಫಿಕೇಟನ್ನು ಜನಿವಾರಕ್ಕೆ ಹೋಲಿಸಿ ನಗುವವರು ಇದ್ದಾರೆ. ಬೈದವರ ಶಬ್ದವನ್ನು ಪುಸ್ತಕದ ಮುಖಪುಟಕ್ಕೆ ಏರಿಸಿದಾಗ ಅದರ ಹಲ್ಲು ಕಿತ್ತಂತೆ ಆಯಿತು.

ಇನ್ನು ಚೀಟಿಯ ಕೆಲಸ. ಸಂವಿಧಾನದ ೩೪೧ನೇ ವಿಧಿಯಂತೆ ರಾಷ್ಟ್ರಪತಿ ಪಟ್ಟಿ ಹೊರಡಿಸುತ್ತಾರೆ. ಆಮೇಲೆ ಅದರಿಂದ ಒಂದು ಹೆಸರು ತೆಗೆಯಬೇಕಾದರೂ ಸೇರಿಸಬೇಕಾದರೂ ಸಂಸತ್ತೇ ಕಾಯಿದೆ ಮಾಡಬೇಕು. ೧೯೫೦ರ ಆಗಸ್ಟ್ ೧೦ರ ಆದೇಶದಲ್ಲಿ ಹಿಂದೂ ಧರ್ಮದವರಿಗಷ್ಟೇ ಈ ಚೀಟಿ ಎಂಬ ಮಾತಿತ್ತು. ೧೯೫೬ರಲ್ಲಿ ಸಿಖ್ಖರನ್ನು ಸೇರಿಸಿದರು. ಅದೇ ವರ್ಷ ಅಂಬೇಡ್ಕರ್ ಅವರೊಡನೆ ಬೌದ್ಧರಾದವರು ಮಾತ್ರ ಚೀಟಿಯಿಂದ ಹೊರಗೆ ಬಿದ್ದರು, ಅವರನ್ನು ಸೇರಿಸಿದ್ದು ೧೯೯೦ರಲ್ಲಿ. ಕೇರಿ ಅದೇ, ಮನೆ ಅದೇ, ನೀರು ಕೊಡದ ಬಾವಿ ಅದೇ. ಮೂವತ್ತನಾಲ್ಕು ವರ್ಷ ಅವರಿಗೆ ಚೀಟಿ ಇರಲಿಲ್ಲ.

ನಮ್ಮ ಜಿಲ್ಲೆಯ ತಾಂಡಾಗಳ ಕಥೆ ಇನ್ನೊಂದು ಥರ. ೧೯೫೬ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ ಮುಂಬಯಿ, ಹೈದರಾಬಾದ್, ಮೈಸೂರು, ಮದ್ರಾಸ್, ಕೊಡಗಿನ ಪಟ್ಟಿಗಳನ್ನು ಒಂದು ಮಾಡಲಿಲ್ಲ, ಹಾಗೇ ಪಕ್ಕಪಕ್ಕ ಇಟ್ಟರು. ಹೀಗಾಗಿ ಲಂಬಾಣಿ, ಭೋವಿ, ಕೊರಮ, ಕೊರಚ ಸಮುದಾಯದವರು ಹಳೇ ಮೈಸೂರಿನ ಜಿಲ್ಲೆಗಳಲ್ಲಿ ಪಟ್ಟಿಯೊಳಗೆ, ಬಿಜಾಪುರದಲ್ಲಿ ಪಟ್ಟಿಯ ಹೊರಗೆ. ಶಿವಮೊಗ್ಗದ ತಾಂಡಾದಿಂದ ಹೆಣ್ಣು ತಂದ ಬಾಗೇವಾಡಿಯ ತಾಂಡಾದಲ್ಲಿ ತವರಿಗೊಂದು ಲೆಕ್ಕ, ಗಂಡನ ಮನೆಗೊಂದು ಲೆಕ್ಕ. ಈ ಗಡಿಯನ್ನು ತೆಗೆದದ್ದು ೧೯೭೬ರ ತಿದ್ದುಪಡಿ ಕಾಯಿದೆ, ಅದು ೧೯೭೭ರ ಜುಲೈ ೨೭ರಿಂದ ಜಾರಿಗೆ ಬಂತು. ಅದು ನ್ಯಾಯವೇ. ಆದರೆ ಊರಲ್ಲಿ ಮುಟ್ಟಿಸಿಕೊಂಡವರನ್ನೂ ಮುಟ್ಟಿಸಿಕೊಳ್ಳದವರನ್ನೂ ಒಂದೇ ಚೀಟಿಯಲ್ಲಿ ಬರೆದರೆ ಯಾರ ಪಾಲು ಯಾರಿಗೆ ಎಂಬ ಪ್ರಶ್ನೆ ಆಗಲೇ ಹುಟ್ಟಿತು, ಆಮೇಲೆ ದೊಡ್ಡದಾಗುತ್ತ ಹೋಯಿತು. ಈ ಪ್ರಶ್ನೆ ಕೇಳುವುದು ತಾಂಡಾದ ಬಡವರ ಮೇಲಿನ ಸಿಟ್ಟಲ್ಲ. ಹಾಗೆ ಕಾಣಿಸುವವರು ನಮ್ಮಲ್ಲೂ ಇದ್ದಾರೆ, ಅದು ತಪ್ಪು.

'ದಲಿತ' ಎಂಬ ಶಬ್ದಕ್ಕೆ ಬರೋಣ. 'ದಲ್' ಅಂದರೂ ಒಡೆ, ಬಿರಿ ಎಂದೇ. ಹೂವಿನ ದಳ, ದ್ವಿದಳ ಧಾನ್ಯ, ಹಿಂದಿಯ ದಾಲ್ ಎಲ್ಲ ಇದೇ ಬೇರು. ತೊಗರಿಯನ್ನು ನೆನೆಸಿ, ಕೆಮ್ಮಣ್ಣು ಹಚ್ಚಿ, ಒಣಗಿಸಿ, ಬೀಸುವ ಕಲ್ಲಿಗೆ ಹಾಕಿ ನಮ್ಮ ಹೆಣ್ಣುಮಕ್ಕಳು ಬ್ಯಾಳಿ ಒಡೆಯುತ್ತಿದ್ದದ್ದನ್ನು ನೋಡಿದವರಿಗೆ ಈ ಧಾತು ವಿವರಿಸಬೇಕಾಗಿಲ್ಲ. ಅಂಬೇಡ್ಕರ್ ೧೯೪೮ರ ತಮ್ಮ ಅಸ್ಪೃಶ್ಯತೆಯ ಮೂಲದ ಗ್ರಂಥದಲ್ಲಿ ಸೋತ ಬುಡಕಟ್ಟುಗಳಿಂದ ಒಡೆದು ಚದುರಿದ ಜನ ಎಂಬ ಸಿದ್ಧಾಂತ ಮಂಡಿಸಿದರು. ೧೯೭೨ರಲ್ಲಿ ಮುಂಬಯಿಯ ಹುಡುಗರು ದಲಿತ ಪ್ಯಾಂಥರ್ಸ್ ಕಟ್ಟಿದರು, ಅದೇ ದಶಕದಲ್ಲಿ ಇಲ್ಲಿ ದಲಿತ ಸಂಘರ್ಷ ಸಮಿತಿ ಬಂತು. ಶೆಡ್ಯೂಲ್ ಅಂದರೆ ಸೀಳಿದ್ದು, ದಲಿತ ಅಂದರೆ ಒಡೆದದ್ದು. ಬೇರಿನಲ್ಲಿ ಎರಡೂ ನೆರೆಹೊರೆ. ವ್ಯತ್ಯಾಸ ಇರುವುದು ಹೇಳುವವರಲ್ಲಿ. ಶೆಡ್ಯೂಲ್ ಎಂದು ಸರ್ಕಾರ ಬರೆಯಿತು, ದಲಿತ ಎಂದು ನಾವು ಕೂಗಿದೆವು. ದಲಿತ ಎಂಬುದಕ್ಕೆ ಸರ್ಟಿಫಿಕೇಟ್ ಸಿಗುವುದಿಲ್ಲ, ಶೆಡ್ಯೂಲ್ ಎಂಬುದಕ್ಕೆ ಘೋಷಣೆ ಕಟ್ಟಲು ಬರುವುದಿಲ್ಲ. ಎರಡೂ ಬೇಕು. ನಮ್ಮ ವಿಮರ್ಶೆ ಮೊದಲನೆಯದರ ಬಗ್ಗೆ ಪುಟಗಟ್ಟಲೆ ಬರೆದು ಎರಡನೆಯದನ್ನು ತಹಸೀಲ್ದಾರರಿಗೆ ಬಿಟ್ಟುಕೊಟ್ಟಿದೆ.

ಈಗ ಚೀಟಿಯನ್ನೇ ಸೀಳುವ ಕಾಲ ಬಂದಿದೆ. ೨೦೨೪ರ ಆಗಸ್ಟ್ ೧ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ ಒಳಮೀಸಲಾತಿ ಕೊಡುವ ಅಧಿಕಾರ ರಾಜ್ಯಗಳಿಗಿದೆ ಎಂದಿತು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ೨೦೨೫ರಲ್ಲಿ ರಾಜ್ಯದ ೧೦೧ ಜಾತಿಗಳ ಮನೆಮನೆ ಸಮೀಕ್ಷೆ ಮಾಡಿಸಿತು, ಅದೇ ಆಗಸ್ಟ್‌ನಲ್ಲಿ ಸಂಪುಟ ಶೇಕಡಾ ೧೭ನ್ನು ೬, ೬, ೫ ಎಂದು ಹಂಚಲು ತೀರ್ಮಾನಿಸಿತು. ಸಮೀಕ್ಷೆಯ ದೊಡ್ಡ ತೊಡಕು ಹೆಸರಿನದೇ ಆಗಿತ್ತು. ಮೈಸೂರು ಸಂಸ್ಥಾನದಲ್ಲಿ ಬೈಗುಳದ ಹೆಸರು ಬೇಡವೆಂದು ಗೌರವಕ್ಕಾಗಿ ತೊಟ್ಟ ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಹೆಸರುಗಳ ಹಿಂದೆ ಹೊಲೆಯರೂ ಇದ್ದರು, ಮಾದಿಗರೂ ಇದ್ದರು. ಅವರೆಲ್ಲ ಈಗ ಮೂಲ ಜಾತಿ ಹೇಳಬೇಕಾಯಿತು. ಪಾಲು ಬೇಕಾದರೆ ಬಿಟ್ಟ ಹೆಸರನ್ನು ಮತ್ತೆ ಬಾಯಿಂದ ಆಡಬೇಕು. ನಮ್ಮ ಕಡೆ ಆ ಆದಿ ಹೆಸರುಗಳ ಬಳಕೆ ಕಡಿಮೆ. ಆದರೂ ಗಣತಿಗೆ ಬಂದ ಮಾಸ್ತರರು ಬಾಗೇವಾಡಿ ಕಡೆಯ ಒಂದು ಕೇರಿಯಲ್ಲಿ ಮೊಬೈಲ್ ಹಿಡಿದು, ಆ ಶ್ಯಬ್ದ ಬಾಯಿಗೆ ತರಲು ಸಂಕೋಚಪಟ್ಟು, "ಎಸ್ಸಿ ಒಳಗ ಯಾವ್ದರಿ ಅಜ್ಜಾರ?" ಎಂದು ಮೆಲ್ಲಗೆ ಕೇಳಿದರು. ಕಟ್ಟೆಯ ಮೇಲೆ ಕೂತಿದ್ದ ಮುದುಕ ಓಣಿಗೆಲ್ಲ ಕೇಳುವಂತೆ ಹೇಳಿದ:

"ಹೊಲ್ಯಾರು ಅಂತ ಬರ್ಕೋರಿ ಮಾಸ್ತರ. ಅದ್ರಾಗ ಮೂರ್ನಾಕ ನಮೂನಿ ಇರ್ತಾವಂತ. ಸರ್ಟಿಫಿಕೇಟಿನ್ಯಾಗ ಹೆಂಗೈತಿ ಹಂಗ ಒತ್ರಿ. ಹೋದ ಸಲ ಒಂದಕ್ಷರ ತಪ್ಪಿ ಮೊಮ್ಮಗನ ಅರ್ಜಿ ಹಿಂದ ಬಂದಿತ್ತು."